ಜಪಾನಿನ ಹಳ್ಳಿ ಮೇಷ್ಟ್ರಿಗೆ ಸಂಬಳ ಕೊಡುತ್ತಿದ್ದವರು ಯಾರು?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಇನ್ನೂರು ವರ್ಷದ ಹಿಂದೆಯೇ ಜಪಾನಿನ ಹಳ್ಳಿ ಹಳ್ಳಿಯಲ್ಲೂ ಶಾಲೆ ಇತ್ತು, ರೈತರಿಗೆಲ್ಲ ಓದು ಬರಹ ಬರುತ್ತಿತ್ತು, ಅದಕ್ಕೇ ಆ ದೇಶ ಅಷ್ಟು ಬೇಗ ಮುಂದೆ ಬಂತು ಅಂತ ಒಂದು ವಿಡಿಯೊದಲ್ಲಿ ಕೇಳಿದೆ. ಇದು ನಿಜವೇ? ಆ ಮೇಷ್ಟ್ರುಗಳನ್ನು ನೇಮಿಸುತ್ತಿದ್ದವರು ಯಾರು? ಸಂಬಳ ಎಲ್ಲಿಂದ ಬರುತ್ತಿತ್ತು? ಪಾಠ ಬಿಟ್ಟು ಬೇರೆ ಕೆಲಸಗಳೂ ಅವರ ತಲೆ ಮೇಲೆ ಇದ್ದವಾ, ನಮ್ಮ ಹಾಗೆ?

ಉತ್ತರ: ಕೊನೆಯ ಪ್ರಶ್ನೆ ಓದಿ ನಕ್ಕೆ ಮೇಡಂ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ನೆನಪಾಗಿ ಕೇಳಿದ್ದೀರಿ ಅಂತ ಗೊತ್ತಾಯಿತು. ಹೌದು, ಅವರಿಗೂ ಪಾಠದ ಆಚೆ ಬೇಕಾದಷ್ಟು ಕೆಲಸ ಇತ್ತು. ಆದರೆ ಅದನ್ನು ಹೇರಿದ್ದು ಸರ್ಕಾರವಲ್ಲ, ಊರು. ಸರ್ಕಾರ ಅವರನ್ನು ನೇಮಿಸಲೂ ಇಲ್ಲ, ಸಂಬಳ ಕೊಡಲೂ ಇಲ್ಲ. ಲೈಸೆನ್ಸು, ಪರೀಕ್ಷೆ, ಸಿಲೆಬಸ್ಸು ಯಾವುದೂ ಇರಲಿಲ್ಲ. ಕೈಬರಹ ಚೆನ್ನಾಗಿದ್ದು, ಕಲಿಸುವ ಮನಸ್ಸಿದ್ದು, ಊರಿನವರು ಮಕ್ಕಳನ್ನು ಕಳಿಸಿದರೆ ಸಾಕು, ಮನೆಯ ಒಂದು ಕೋಣೆಯೇ ಶಾಲೆ. ನಿಮ್ಮ ವಿಡಿಯೊ ಅರ್ಧ ಸರಿ, ಅರ್ಧ ಉತ್ಪ್ರೇಕ್ಷೆ. ಉತ್ಪ್ರೇಕ್ಷೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಕೆಸರುಗದ್ದೆಯಲ್ಲಿ ದುಡಿಯುವ ರೈತನಿಗೆ ಅಕ್ಷರ ಯಾಕೆ ಬೇಕಾಯಿತು ಅನ್ನುವುದನ್ನು ನೋಡೋಣ. ಇದು ತಿಳಿಯದಿದ್ದರೆ ಮೇಷ್ಟ್ರ ಪಾತ್ರ ಅರ್ಥವಾಗುವುದಿಲ್ಲ.

ನಾವು ಮಾತಾಡುತ್ತಿರುವುದು ತೊಕುಗವಾ ಮನೆತನ ಆಳಿದ ಕಾಲ, 1603ರಿಂದ 1868ರವರೆಗೆ. ಇದಕ್ಕೆ ಸ್ವಲ್ಪ ಮುಂಚೆ ಜಪಾನಿನಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು. ಹಳ್ಳಿಗಳಲ್ಲೇ ಇರುತ್ತಿದ್ದ ಕತ್ತಿ ಹಿಡಿದ ಸಮುರಾಯ್‌ಗಳನ್ನು ಹೆಚ್ಚಿನ ಕಡೆ ಎತ್ತಿ ಕೋಟೆ ಪಟ್ಟಣಗಳಿಗೆ ಸೇರಿಸಿದರು. ಹಳ್ಳಿಯಲ್ಲಿ ಉಳಿದವರು ಹೆಚ್ಚಾಗಿ ರೈತರೇ. ಅಂದರೆ ಆಳುವವನು ದೂರದ ಪಟ್ಟಣದಲ್ಲಿ, ಆಳಿಸಿಕೊಳ್ಳುವವರು ಅರವತ್ತು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ. ನಡುವೆ ಓಡಾಡುವುದು ಏನು? ಕಾಗದ.

ಕಂದಾಯ ಎಷ್ಟು ಅನ್ನುವ ಆದೇಶ ವರ್ಷ ವರ್ಷ ಕಾಗದದ ಮೇಲೆ ಬರುತ್ತಿತ್ತು. ಅದು ಬರುತ್ತಿದ್ದದ್ದು ಇಡೀ ಊರಿನ ಹೆಸರಿಗೆ, ಒಬ್ಬೊಬ್ಬ ರೈತನ ಹೆಸರಿಗಲ್ಲ. ಊರು ಒಟ್ಟಾಗಿ ಇಷ್ಟು ಭತ್ತ ಕಟ್ಟಬೇಕು, ಮನೆ ಮನೆಗೆ ಹಂಚಿಕೊಳ್ಳುವುದು ನಿಮ್ಮ ತಲೆನೋವು ಅನ್ನುವ ಏರ್ಪಾಟು. ಹಂಚುತ್ತಿದ್ದವನು ಊರ ಮುಖ್ಯಸ್ಥ. ಶೋಯಾ ಅಥವಾ ನನುಶಿ ಅಂತ ಕರೆಯುತ್ತಿದ್ದರು. ನಮ್ಮ ಪಟೇಲ, ಶಾನುಭೋಗ ಇಬ್ಬರ ಕೆಲಸವೂ ಅವನೊಬ್ಬನದೇ ಅಂದುಕೊಳ್ಳಿ. ಜನಗಣತಿ, ಜಮೀನಿನ ಪಟ್ಟಿ, ಕಾಲುವೆ ನೀರಿನ ಪಾಳಿ, ಪಕ್ಕದ ಊರಿನ ಜೊತೆ ಗೋಮಾಳದ ಜಗಳ, ಎಲ್ಲವೂ ಬರಹದಲ್ಲೇ ಇರಬೇಕಿತ್ತು.

ಶುರುವಿನಲ್ಲಿ ಓದು ಬರಹ ಈ ಮುಖ್ಯಸ್ಥರ ಮನೆತನಗಳ ಸೊತ್ತಾಗಿತ್ತು. ಉಳಿದವರು ಅವನು ಓದಿ ಹೇಳಿದ್ದನ್ನು ನಂಬಿ ಮುದ್ರೆ ಒತ್ತುತ್ತಿದ್ದರು. ಆದರೆ ಎಷ್ಟು ದಿನ ನಂಬುತ್ತಾರೆ? "ಊರಿಗೆ ಬಂದ ಕಂದಾಯ ಎಷ್ಟು, ನಮ್ಮ ಮನೆಗೆ ಹಾಕಿದ್ದು ಎಷ್ಟು, ಪುಸ್ತಕ ತೆಗೆದು ತೋರಿಸಿ" ಅಂತ ಸಾಮಾನ್ಯ ರೈತರು ಕೇಳಲು ಶುರುಮಾಡಿದರು. ಈ ತರಹದ ಊರೊಳಗಿನ ಜಗಳಗಳ ದಾಖಲೆ ಜಪಾನಿನ ಉದ್ದಗಲಕ್ಕೂ ಸಿಗುತ್ತದೆ. ಪುಸ್ತಕ ತೋರಿಸಿ ಅನ್ನುವುದು ಸುಲಭ. ತೋರಿಸಿದ ಮೇಲೆ ಓದಲು ಬರಬೇಕಲ್ಲ? ಅಲ್ಲಿಂದ ಮೇಷ್ಟ್ರಿಗೆ ಬೇಡಿಕೆ ಹುಟ್ಟಿತು.

ಇದರ ಜೊತೆಗೆ ಹತ್ತಿ, ರೇಷ್ಮೆ, ನೀಲಿ, ಎಣ್ಣೆಬೀಜ ಬೆಳೆದು ಮಾರುವುದು ಜಾಸ್ತಿಯಾಯಿತು. ಸಾಲಪತ್ರ, ಅಡಮಾನ, ಸರಕಿನ ಚೀಟಿ ಎಲ್ಲ ಮನೆ ಬಾಗಿಲಿಗೆ ಬಂತು. ಓದಲು ಬಾರದವನ ಗದ್ದೆ ಕೈಬಿಟ್ಟು ಹೋಗುವುದಕ್ಕೆ ಒಂದು ಚೀಟಿ ಸಾಕು. ಹಳ್ಳಿ ಶಾಲೆಗಳು ನಿಜಕ್ಕೂ ಹೆಚ್ಚಾಗಿದ್ದು ಹದಿನೆಂಟನೆಯ ಶತಮಾನದ ಕೊನೆಯಿಂದ ಈಚೆಗೆ, ಅದರಲ್ಲೂ 1830ರ ನಂತರ.

ಈ ಶಾಲೆಗಳನ್ನು ಸಾಮಾನ್ಯವಾಗಿ ತೆರಕೋಯಾ ಅನ್ನುತ್ತಾರೆ. ತೆರಾ ಅಂದರೆ ಬೌದ್ಧ ದೇವಾಲಯ, ಕೊ ಅಂದರೆ ಮಗು, ಯಾ ಅಂದರೆ ಮನೆ. ಹಿಂದೆ ಮಕ್ಕಳು ಬೌದ್ಧ ಭಿಕ್ಷುಗಳ ಬಳಿ ಕಲಿಯುತ್ತಿದ್ದ ಕಾಲದ ಹೆಸರು ಹಾಗೇ ಉಳಿದುಕೊಂಡಿತು. ನಮ್ಮ ಹಳೆಯ ಹಳ್ಳಿ ಶಾಲೆಗೂ 'ಮಠ' ಅಂತಲೇ ಹೆಸರಿತ್ತಲ್ಲ, ಹಾಗೆ. ಎಷ್ಟೋ ಹಳ್ಳಿಗಳಲ್ಲಿ ಜನ ಇದನ್ನು ಸುಮ್ನೆ 'ತೆನರಾಯ್' ಅನ್ನುತ್ತಿದ್ದರು, ಅಂದರೆ ಕೈಬರಹ ಕಲಿಕೆ. ಮೇಷ್ಟ್ರು ಶಿಶೋ, ಮಕ್ಕಳು ಫುದೆಕೊ. ಫುದೆ ಅಂದರೆ ಬರೆಯುವ ಕುಂಚ, ಹಾಗಾಗಿ ಫುದೆಕೊ ಅಂದರೆ ಕುಂಚದ ಮಕ್ಕಳು. ನನಗೆ ತುಂಬ ಇಷ್ಟವಾದ ಪದ ಇದು.

ಈ ಶಿಶೋ ಯಾರು? ಒಂದು ಊರಿನಲ್ಲಿ ದೇವಾಲಯದ ಭಿಕ್ಷು. ಇನ್ನೊಂದರಲ್ಲಿ ಶಿಂತೊ ಗುಡಿಯ ಪೂಜಾರಿ. ಮತ್ತೊಂದರಲ್ಲಿ ವೈದ್ಯ. ಕೆಲವು ಕಡೆ ಒಡೆಯನನ್ನು ಕಳೆದುಕೊಂಡು ಅಲೆಯುತ್ತ ಬಂದ ಸಮುರಾಯ್ ಊರಿನವರ ಒತ್ತಾಯಕ್ಕೆ ಅಲ್ಲೇ ನೆಲೆ ನಿಂತಿದ್ದೂ ಉಂಟು. ಆದರೆ ಹಳ್ಳಿಗಳಲ್ಲಿ ಕಾಲ ಕಳೆದಂತೆ ಹೆಚ್ಚಾದವರು ರೈತರೇ. ಊರ ಮುಖ್ಯಸ್ಥನಾಗಿ ನಿವೃತ್ತನಾದವನು, ಮಗನಿಗೆ ಮನೆ ಜವಾಬ್ದಾರಿ ಬಿಟ್ಟುಕೊಟ್ಟ ಯಜಮಾನ, ಸ್ವಲ್ಪ ಅನುಕೂಲಸ್ಥ ಹಿಡುವಳಿದಾರ. ಪೂರ್ತಿ ಇದನ್ನೇ ನೆಚ್ಚಿ ಬದುಕಿದವರು ಹಳ್ಳಿಯಲ್ಲಿ ಕಡಿಮೆ. ಬೇಸಾಯ, ಪೂಜೆ, ಔಷಧದ ಜೊತೆಗೆ ಇದೂ ಒಂದು.

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಈಗಿನ ಗುನ್ಮಾ ಪ್ರಾಂತ್ಯದಲ್ಲಿ ಅಕಾಗಿ ಬೆಟ್ಟದ ತಪ್ಪಲಲ್ಲಿ ಹರನೊಗೋ ಅಂತ ಒಂದು ಹಳ್ಳಿ. ಅಲ್ಲಿ ಫುನತ್ಸು ಮನೆತನ ಕುಜೂಕುಆನ್ ಅನ್ನುವ ಶಾಲೆ ನಡೆಸುತ್ತಿತ್ತು. ಅಪ್ಪ ಶುರುಮಾಡಿದ್ದನ್ನು ಮಗ ಫುನತ್ಸು ದೆಂಜಿಹೇ (1832–1898) ಮುಂದುವರಿಸಿದ. ದೆಂಜಿಹೇ ಊರಿನ ಮುಖ್ಯಸ್ಥನೂ ಆಗಿದ್ದ, ಲೆಕ್ಕದಲ್ಲಿ ಗಟ್ಟಿಗನೂ ಆಗಿದ್ದ. ಎಲ್ಲಕ್ಕಿಂತ ಮುಖ್ಯವಾಗಿ ಒಳ್ಳೆಯ ಬೇಸಾಯಗಾರ. ಎಷ್ಟು ಒಳ್ಳೆಯ ಬೇಸಾಯಗಾರ ಅಂದರೆ, ಮುಂದೆ 1868ರಲ್ಲಿ ತೊಕುಗವಾ ಆಳ್ವಿಕೆ ಹೋಗಿ ಮೇಜಿ ಅನ್ನುವ ಹೊಸ ಸರ್ಕಾರ ಬಂದ ಮೇಲೆ ತೋಕಿಯೊದ ಕೊಮಾಬಾ ಕೃಷಿ ಶಾಲೆಗೆ ಪಾಠ ಹೇಳಲು ಅವನನ್ನೇ ಕರೆಸಿಕೊಂಡರು. ಅಲ್ಲಿ ವಿದೇಶಿ ಪ್ರಾಧ್ಯಾಪಕರ ನಡುವೆ ಈ ಹಳ್ಳಿ ಮೇಷ್ಟ್ರು. ಇಂಥವರ ಶಾಲೆ ನಡೆಯುತ್ತಿದ್ದದ್ದು ಚಳಿಗಾಲದಲ್ಲಿ. ಸುಗ್ಗಿ ಮುಗಿದು ಮತ್ತೆ ಗದ್ದೆಗೆ ಇಳಿಯುವವರೆಗೆ ಪಾಠ. ನಾಟಿ ಶುರುವಾದರೆ ಮೇಷ್ಟ್ರೂ ಗದ್ದೆಯಲ್ಲಿ, ಮಕ್ಕಳೂ ಗದ್ದೆಯಲ್ಲಿ.

ಈಗ ಒಳಗೆ ಹೋಗಿ ನೋಡೋಣ. ನಿಮ್ಮ ತರಗತಿ ಕಣ್ಣ ಮುಂದೆ ಇಟ್ಟುಕೊಳ್ಳಬೇಡಿ. ಕಪ್ಪು ಹಲಗೆ ಇಲ್ಲ, ಸಾಲು ಬೆಂಚಿಲ್ಲ, ಒಂದನೇ ಕ್ಲಾಸು ಎರಡನೇ ಕ್ಲಾಸು ಇಲ್ಲ. 20–30 ಮಕ್ಕಳು, ಆರೇಳು ವರ್ಷದವರಿಂದ ಹದಿಮೂರು ಹದಿನಾಲ್ಕರವರೆಗೆ, ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಗಿಡ್ಡ ಮೇಜಿನ ಮುಂದೆ ಕೂತಿರುತ್ತಾರೆ. ಮೇಜು ಅವರವರ ಮನೆಯದೇ. ಹೊಸದಾಗಿ ಸೇರುವವರಿಗೆ ಎರಡನೇ ತಿಂಗಳ ಮೊದಲ 'ಕುದುರೆ ದಿನ' ಒಳ್ಳೆಯ ದಿನ ಅಂತ ನಂಬಿಕೆ. ಆ ದಿನ ಅಪ್ಪನೋ ಅಜ್ಜನೋ ಮೇಜು ಹೊತ್ತುಕೊಂಡು, ಮಗುವಿನ ಕೈ ಹಿಡಿದುಕೊಂಡು ಬರುತ್ತಿದ್ದರು.

ಮೇಷ್ಟ್ರು ಪ್ರತಿ ಮಗುವಿಗೂ ಬೇರೆ ಬೇರೆ ಮಾದರಿ ಹಾಳೆ ಬರೆದು ಕೊಡುತ್ತಿದ್ದರು. ಅದಕ್ಕೆ ತೆಹೋನ್ ಅಂತ ಹೆಸರು. ಮಗು ಅದನ್ನು ಎದುರಿಗೆ ಇಟ್ಟುಕೊಂಡು ತಿದ್ದುತ್ತಾ ತಿದ್ದುತ್ತಾ ಕಲಿಯಬೇಕು. ಕಾಗದ ದುಬಾರಿ. ಹಾಗಾಗಿ ಒಂದೇ ಹಾಳೆಯ ಮೇಲೆ ಬರೆದದ್ದರ ಮೇಲೇ ಬರೆದು, ಒಣಗಿಸಿ, ಮತ್ತೆ ಬರೆದು, ಹಾಳೆ ಪೂರ್ತಿ ಮಸಿಯಾಗುವವರೆಗೂ ಬಿಡುತ್ತಿರಲಿಲ್ಲ. ಕಪ್ಪಾದ ಹಾಳೆಯ ಮೇಲೆ ಒದ್ದೆ ಮಸಿಯ ಹೊಳಪು ಒಂದು ಕ್ಷಣ ಕಾಣುತ್ತದಲ್ಲ, ಆ ಹೊಳಪಿನಲ್ಲೇ ತನ್ನ ಅಕ್ಷರ ನೋಡಿಕೊಳ್ಳಬೇಕು. ಮೇಷ್ಟ್ರು ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ತಿದ್ದುತ್ತಿದ್ದರು. ಮಗು ತನ್ನ ಕಡೆಯಿಂದ ಬರೆಯುತ್ತಿದ್ದರೆ ಮೇಷ್ಟ್ರು ಎದುರು ಕಡೆಯಿಂದ, ಅಕ್ಷರ ತಲೆಕೆಳಗಾಗಿಯೇ ಬರೆದು ತೋರಿಸುತ್ತಿದ್ದರು. ಇದು ಒಳ್ಳೆಯ ಮೇಷ್ಟ್ರ ಕೈಚಳಕ.

ಒಬ್ಬರ ಪಾಠ ನಡೆಯುವಾಗ ಉಳಿದ ಇಪ್ಪತ್ತು ಮಂದಿ ಏನು ಮಾಡುತ್ತಿದ್ದರು ಅಂತ ನಿಮಗೆ ಹೇಳಬೇಕಾಗಿಲ್ಲ. ಚಿತ್ರಕಾರ ವತನಾಬೆ ಕಜಾನ್ 1818ರಲ್ಲಿ ಇಂಥದ್ದೊಂದು ಶಾಲೆಯ ಚಿತ್ರ ಬರೆದಿದ್ದಾನೆ. ಮೇಷ್ಟ್ರು ಒಂದು ಮೂಲೆಯಲ್ಲಿ ಒಬ್ಬ ಹುಡುಗನ ಕಡೆ ಗಮನ ಕೊಟ್ಟು ಕೂತಿದ್ದಾರೆ, ಉಳಿದ ಕೋಣೆಯಲ್ಲಿ ಹುಡುಗರ ಗಲಾಟೆಯೋ ಗಲಾಟೆ. ಜಪಾನೀಯರಿಗೆ ಶಿಸ್ತು ಹುಟ್ಟಿನಿಂದಲೇ ಬಂದಿದೆ ಅನ್ನುವವರಿಗೆ ನಾನು ಈ ಚಿತ್ರ ತೋರಿಸುತ್ತೇನೆ.

ಶಿಕ್ಷೆ ಇರಲಿಲ್ಲ ಅಂತಲ್ಲ. ಹೆಸರುವಾಸಿಯಾದ ಶಿಕ್ಷೆ ಒಂದಿದೆ. ಒಂದು ಕೈಯಲ್ಲಿ ತುಂಬಿದ ನೀರಿನ ಬಟ್ಟಲು, ಇನ್ನೊಂದು ಕೈಯಲ್ಲಿ ಹಚ್ಚಿದ ಊದುಬತ್ತಿ. ಬತ್ತಿ ಉರಿದು ಮುಗಿಯುವವರೆಗೂ ಅಲುಗಾಡದೆ ಕೂರಬೇಕು, ನೀರು ಚೆಲ್ಲಬಾರದು. ನಮ್ಮ ಕೂಲಿಮಠದ ಕೋದಂಡಕ್ಕೆ ಹೋಲಿಸಿದರೆ ಇದು ಮೆದು ಅಂತಲೇ ಹೇಳಬೇಕು. ಸಂಜೆ ಮನೆಗೆ ಬಿಡದೆ ಉಳಿಸಿಕೊಳ್ಳುವುದೂ ಇತ್ತು. ಆಗ 'ಕ್ಷಮೆ ಕೇಳುವವರು' ಅಂತ ಒಬ್ಬರು ಬರುತ್ತಿದ್ದರು. ಪಕ್ಕದ ಮನೆಯ ಅಜ್ಜನೋ, ಒಮ್ಮೊಮ್ಮೆ ಮೇಷ್ಟ್ರ ಹೆಂಡತಿಯೋ. "ಈ ಸಲ ಬಿಟ್ಟುಬಿಡಿ, ಇನ್ನು ಮುಂದೆ ಹೀಗೆ ಮಾಡಲ್ಲ" ಅಂತ ಹುಡುಗನ ಪರವಾಗಿ ತಲೆ ಬಗ್ಗಿಸುತ್ತಿದ್ದರು. ಮೇಷ್ಟ್ರು ಬಿಗಿಮುಖ ಮಾಡಿಕೊಂಡೇ ಒಪ್ಪುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ನಾಟಕ. ಮೇಷ್ಟ್ರ ಮರ್ಯಾದೆಯೂ ಉಳಿಯಿತು, ಹುಡುಗನೂ ಊಟದ ಹೊತ್ತಿಗೆ ಮನೆ ಸೇರಿದ.

ಏನು ಕಲಿಸುತ್ತಿದ್ದರು? ಮೊದಲು ಇರೊಹಾ, ಅಂದರೆ ಜಪಾನಿನ 47 ಅಕ್ಷರಗಳೂ ಒಂದೊಂದು ಸಲ ಬರುವ ಹಳೆಯ ಪದ್ಯ. ಆಮೇಲೆ ಅಂಕಿ. ಆಮೇಲೆ ಜನರ ಹೆಸರಿನಲ್ಲಿ ಬರುವ ಚೀನೀ ಮೂಲದ ಅಕ್ಷರಗಳು, ಸುತ್ತಮುತ್ತಲ ಹಳ್ಳಿಗಳ ಹೆಸರು, ದೇಶದ ಪ್ರಾಂತ್ಯಗಳ ಹೆಸರು. ಈ ಕ್ರಮ ನೋಡಿ. ಮೊದಲು ನನ್ನ ಹೆಸರು, ನೆರೆಯವನ ಹೆಸರು, ಊರ ಹೆಸರು, ಪಕ್ಕದ ಊರು, ಆಮೇಲೆ ದೂರದ ನಾಡು. ಇಷ್ಟು ಕಲಿತವನು ಕಂದಾಯದ ಪಟ್ಟಿಯಲ್ಲಿ ತನ್ನ ಸಾಲು ಹುಡುಕಬಲ್ಲ. ಎಷ್ಟೋ ಮಕ್ಕಳು ಇಲ್ಲಿಗೇ ನಿಲ್ಲಿಸುತ್ತಿದ್ದರು. ಅವರ ಮನೆಗೆ ಅಷ್ಟು ಸಾಕಾಗಿತ್ತು.

ಮುಂದುವರಿದವರಿಗೆ 'ಓರಾಯ್' ಅನ್ನುವ ಪಠ್ಯಗಳು. ಮೂಲದಲ್ಲಿ ಈ ಪದಕ್ಕೆ ಹೋಗಿ ಬರುವ ಪತ್ರಗಳು ಅಂತ ಅರ್ಥ. ವ್ಯಾಪಾರಿ ಮಕ್ಕಳಿಗೆ 1694ರಲ್ಲಿ ಬಂದ ಒಂದು ಪುಸ್ತಕ, ರೈತರ ಮಕ್ಕಳಿಗೆ 1766ರಲ್ಲಿ ಬಂದ 'ಹ್ಯಾಕುಶೋ ಓರಾಯ್'. ಈ ಎರಡನೆಯದು ನೀತಿಪಾಠದಿಂದ ಶುರುವಾಗುವುದಿಲ್ಲ, ಬೇಸಾಯದ ಸಾಮಾನಿನಿಂದ ಶುರುವಾಗುತ್ತದೆ. ಸುಕಿ, ಕುವಾ, ಕಮಾ, ಅಂದರೆ ಸನಿಕೆ, ಗುದ್ದಲಿ, ಕುಡುಗೋಲು. ಹುಡುಗ ಬೆಳಿಗ್ಗೆ ಹಿಡಿದ ಗುದ್ದಲಿಯ ಹೆಸರನ್ನೇ ಮಧ್ಯಾಹ್ನ ಕುಂಚದಲ್ಲಿ ಬರೆಯುತ್ತಿದ್ದ. ಜೊತೆಗೆ ಸಾಲಪತ್ರ ಹೇಗಿರಬೇಕು, ಜಮೀನಿನ ಕ್ರಯಪತ್ರದಲ್ಲಿ ಯಾವ ಮಾತು ತಪ್ಪದೆ ಇರಬೇಕು ಅನ್ನುವುದನ್ನೂ ಮಾದರಿ ಹಾಳೆಯಾಗಿ ತಿದ್ದಿಸುತ್ತಿದ್ದರು. ಕೆಲವು ಕಡೆ ಮಣಿಚೌಕಟ್ಟು ಸೊರೊಬಾನ್ ಹಿಡಿದು ಲೆಕ್ಕವೂ ಇತ್ತು, ಎಲ್ಲ ಕಡೆ ಅಲ್ಲ.

ನೀತಿಪಾಠ ಇರಲೇ ಇಲ್ಲವಾ? ಇತ್ತು, ಬೇಕಾದಷ್ಟು ಇತ್ತು. ತಂದೆ ತಾಯಿಗೆ ವಿಧೇಯನಾಗಿರು, ಬೆಳಿಗ್ಗೆ ಬೇಗ ಏಳು, ಕಂದಾಯ ತಪ್ಪಿಸಬೇಡ. ಅದರ ಬಗ್ಗೆ ಬರೆಯಲು ನನಗೆ ಅಷ್ಟು ಆಸಕ್ತಿ ಇಲ್ಲ. ಎಲ್ಲ ದೇಶದಲ್ಲೂ ಒಂದೇ ತರಹ.

ಆಸಕ್ತಿ ಇರುವುದು ಬೇರೆ ಒಂದು ಪಠ್ಯದಲ್ಲಿ. 1633ರಲ್ಲಿ ಈಗಿನ ಯಮಗತಾ ಪ್ರಾಂತ್ಯದ ಶಿರಾಇವಾ ಅನ್ನುವ ಕಡೆಯ ರೈತರು ತಮ್ಮ ಒಡೆಯ ಸಕಾಯ್ ತದಶಿಗೆಯ ಮೇಲೆ ನೇರವಾಗಿ ಶೋಗುನನ, ಅಂದರೆ ದೇಶ ಆಳುವ ತೊಕುಗವಾ ದೊರೆಯ, ಸರ್ಕಾರಕ್ಕೆ ದೂರು ಕೊಟ್ಟರು. ಏನೇನು ಹಿಂಸೆ, ಎಷ್ಟು ಸುಲಿಗೆ, ಒಂದೊಂದಾಗಿ ಬರೆದ ಅರ್ಜಿ ಅದು. ಒಡೆಯನೇನೋ ಕೊನೆಗೆ ಅಧಿಕಾರ ಕಳೆದುಕೊಂಡ. ಆದರೆ 1638ರಲ್ಲಿ ಮತ್ತೆ ಎದ್ದ ಗಲಾಟೆಯಲ್ಲಿ ಮೂವತ್ತಕ್ಕೂ ಹೆಚ್ಚು ರೈತರ ತಲೆ ಉರುಳಿತು. ಈ ಅರ್ಜಿಯ ಗತಿ ಏನಾಯಿತು ಗೊತ್ತಾ? ಅದು ಹಳ್ಳಿ ಶಾಲೆಗಳಲ್ಲಿ ತಿದ್ದುವ ಪಾಠವಾಯಿತು! ಯಮಗತಾದ ಸುತ್ತಮುತ್ತ ಮಾತ್ರವಲ್ಲ, ಇನ್ನೂ ದೂರದ ಊರುಗಳಲ್ಲೂ, ತಲೆಮಾರಿನಿಂದ ತಲೆಮಾರಿಗೆ, ಮಕ್ಕಳು ಅದನ್ನು ನಕಲು ಮಾಡಿದ ಪ್ರತಿಗಳು ಸಿಕ್ಕಿವೆ. ಇಂಥ ಬೇರೆ ದೂರುಗಳೂ ಹೀಗೇ ಪಠ್ಯವಾಗಿವೆ.

ಯಾಕೆ? ಒಳ್ಳೆಯ ಅರ್ಜಿಯ ಭಾಷೆ, ಒಕ್ಕಣೆ, ವಿನಯದ ಮಾತು, ಅಂಶವಾರು ದೂರು ಬರೆಯುವ ಬಗೆ, ಇವನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ. ಅದರ ಜೊತೆಗೆ, ನಮ್ಮ ಹಿರಿಯರು ಒಡೆಯನ ಎದುರು ಹೀಗೆ ನಿಂತಿದ್ದರು ಅನ್ನುವ ಕಥೆಯೂ ಮಗುವಿನ ಕೈಗೆ ಇಳಿಯುತ್ತದೆ. ಮೇಷ್ಟ್ರು ಎದ್ದು ನಿಂತು ಬಂಡಾಯದ ಭಾಷಣ ಮಾಡಬೇಕಾಗಿಲ್ಲ. ಒಂದು ಮಾದರಿ ಹಾಳೆ ಬರೆದು ಕೊಟ್ಟರಾಯಿತು. ನೀವು ಮೇಷ್ಟ್ರ ಪಾತ್ರದ ಬಗ್ಗೆ ಕೇಳಿದ್ದೀರಲ್ಲ, ನನ್ನ ಉತ್ತರದ ತಿರುಳು ಇದೇ. ದೂರದ ದೊರೆ ಕಾಗದದಿಂದ ಆಳುತ್ತಿದ್ದ. ಆ ಕಾಗದಕ್ಕೆ ಊರು ಕಾಗದದಲ್ಲೇ ಉತ್ತರ ಕೊಡುವಂತೆ ಮಾಡಿದವರು ಈ ಮೇಷ್ಟ್ರು.

ಸರ್ಕಾರಕ್ಕೆ ಇದು ಗೊತ್ತಿರಲಿಲ್ಲವೇ? ಒಂದು ಮಟ್ಟಿಗೆ ಗೊತ್ತಿತ್ತು. ಎಂಟನೆಯ ಶೋಗುನ್ ಯೊಶಿಮುನೆಯ ಕಾಲದ ಒಂದು ಪ್ರಸಂಗ ಇದೆ. 1722ರಲ್ಲಿ ಎದೊ ಪಟ್ಟಣದ (ಈಗಿನ ತೋಕಿಯೊ) ಹತ್ತಿರ ಅದಾಚಿ ಸೀಮೆಯ ಶಿಮಾನೆ ಹಳ್ಳಿಯಲ್ಲಿ ಒಬ್ಬ ವೈದ್ಯ ಮಕ್ಕಳಿಗೆ ಸರ್ಕಾರದ ಕಟ್ಟಳೆಗಳನ್ನೇ ಮಾದರಿ ಹಾಳೆಯಾಗಿ ತಿದ್ದಿಸುತ್ತಿದ್ದಾನೆ ಅಂತ ತಿಳಿದು ಶೋಗುನನಿಗೆ ಖುಷಿಯಾಯಿತು. ವೈದ್ಯನಿಗೆ ಬಹುಮಾನ ಕೊಟ್ಟ. ಎಲ್ಲರೂ ಹೀಗೇ ಕಲಿಸಲಿ ಅಂತ ಉತ್ತೇಜನವೂ ಬಂತು. ಗಮನಿಸಿ, ಬಹುಮಾನ ಕೊಟ್ಟ, ಸಂಬಳ ಕೊಡಲಿಲ್ಲ. ಅಕ್ಷರ ಕಲಿತ ರೈತ ಕಟ್ಟಳೆ ಓದಲಿ ಅನ್ನುವುದು ದೊರೆಯ ಆಸೆ. ಅದೇ ಅಕ್ಷರದಲ್ಲಿ ಅರ್ಜಿಯನ್ನೂ ಬರೆಯುತ್ತಾನೆ ಅನ್ನುವುದು ತಡೆಯಲಾಗದ ಪರಿಣಾಮ.

ಮೇಲಿನಿಂದಲೇ ಶಾಲೆ ಕಟ್ಟಿದ ಒಬ್ಬ ಒಡೆಯನೂ ಇದ್ದ. ಒಕಯಾಮಾದ ಇಕೆದಾ ಮಿತ್ಸುಮಸಾ 1668ರಲ್ಲಿ ತನ್ನ ಸೀಮೆಯ ಹಳ್ಳಿಗಾಡಿನಲ್ಲಿ 123 ಕೈಬರಹ ಶಾಲೆ ತೆರೆದ. ಎಷ್ಟು ದಿನ ನಡೆದವು? ಮಗ ಪಟ್ಟಕ್ಕೆ ಬಂದ, ಬೊಕ್ಕಸ ನೋಡಿದ, 1675ರ ಹೊತ್ತಿಗೆ ಬಾಗಿಲು ಹಾಕಿಸಿದ. ಉಳಿದದ್ದು ಶಿಜುತಾನಿ ಅನ್ನುವ ಒಂದು ಶಾಲೆ. 1701ರಲ್ಲಿ ಕಟ್ಟಿ ಮುಗಿಸಿದ ಅದರ ಪಾಠದ ಸಭಾಂಗಣ ಇವತ್ತಿಗೂ ಇದೆ, ಜಪಾನಿನ ರಾಷ್ಟ್ರೀಯ ನಿಧಿಗಳಲ್ಲಿ ಒಂದು. ನೋಡಲು ಬಲು ಚೆಂದ. ಆದರೆ ಊರಿನವರೇ ಕಟ್ಟಿಕೊಂಡ ಸಾವಿರಾರು ಶಾಲೆಗಳಿಗೆ ಬೊಕ್ಕಸ ಬರಿದಾದರೂ ತೊಂದರೆ ಆಗಲಿಲ್ಲ. ಅವುಗಳಿಗೆ ಬೊಕ್ಕಸವೇ ಇರಲಿಲ್ಲವಲ್ಲ.

ಹಾಗಾದರೆ ಮೇಷ್ಟ್ರ ಹೊಟ್ಟೆಪಾಡು? ಸೇರುವಾಗ ಒಂದು ಕಾಣಿಕೆ. ವರ್ಷದಲ್ಲಿ ಎರಡು ಸಲ, ಬೇಸಿಗೆಯ ಬೋನ್ ಹಬ್ಬಕ್ಕೆ ಮತ್ತು ಹೊಸವರ್ಷಕ್ಕೆ, ಮನೆಯ ಶಕ್ತಿಗೆ ತಕ್ಕಷ್ಟು ಕೊಡುವುದು ವಾಡಿಕೆ. ಅಕ್ಕಿ, ತರಕಾರಿ, ಅಕ್ಕಿಕಡುಬಿನಂಥ ಮೋಚಿ, ಒಂದಿಷ್ಟು ಸಾಕೆ ಅನ್ನುವ ಅಕ್ಕಿ ಮದ್ಯ. ಚಳಿಗಾಲದಲ್ಲಿ ಇದ್ದಿಲಿಗೆ ಅಂತ, ಕೂರುವ ತತಾಮಿ ಚಾಪೆ ಸವೆಯಿತು ಅಂತ ಸ್ವಲ್ಪ ದುಡ್ಡು. ಬಡವರ ಮನೆಯಿಂದ ಮೂಲಂಗಿ ಬಂದರೂ ಮೇಷ್ಟ್ರು ಬೇಡ ಅನ್ನುವ ಹಾಗಿಲ್ಲ. ಏನೂ ಇಲ್ಲದವರು ನಾಟಿಗೋ ಕೊಯಿಲಿಗೋ ಬಂದು ಮೇಷ್ಟ್ರ ಗದ್ದೆಯಲ್ಲಿ ಒಂದು ದಿನ ಮುಯ್ಯಾಳಾಗಿ ದುಡಿದು ಹೋಗುತ್ತಿದ್ದರು. ಇಷ್ಟೇ ಶುಲ್ಕ ಅಂತ ಬಾಯಿಬಿಟ್ಟು ಕೇಳುವುದು ಮೇಷ್ಟ್ರಿಗೆ ಗೌರವದ ಮಾತಾಗಿರಲಿಲ್ಲ. ಇದರಿಂದ ಶ್ರೀಮಂತರಾದವರು ಹಳ್ಳಿಯಲ್ಲಿ ಇರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ಪಾಠದ ಆಚೆಯ ಕೆಲಸ. ಎದೊಗೆ ಕೂಲಿಗೆ ಹೋದ ಮಗನಿಂದ ಕಾಗದ ಬಂದರೆ ಓದಿ ಹೇಳಬೇಕು, ಉತ್ತರ ಬರೆದು ಕೊಡಬೇಕು. ಸಾಲಪತ್ರದಲ್ಲಿ ಮೋಸ ಇದೆಯಾ ಅಂತ ನೋಡಿಕೊಡಬೇಕು. ಗಡಿ ಜಗಳ, ನೀರಿನ ಜಗಳದಲ್ಲಿ ಅರ್ಜಿ ಬರೆಯಬೇಕು, ಇಲ್ಲವಾದರೆ ನಡುವೆ ಕೂತು ರಾಜಿ ಮಾಡಿಸಬೇಕು. ಗಂಡ ಹೆಂಡತಿ ಬೇರೆಯಾಗುವಾಗ ಬರೆದುಕೊಡುವ ಮೂರೂವರೆ ಸಾಲಿನ ಚೀಟಿ ಅಂತ ಒಂದಿತ್ತು. ಬರೆಯಲು ಬಾರದ ಗಂಡಸು ಬರೀ ಮೂರೂವರೆ ಗೆರೆ ಎಳೆದು ಕೊಟ್ಟರೂ ನಡೆಯುತ್ತಿತ್ತು ಅನ್ನುತ್ತಾರೆ. ಆದರೆ ಸರಿಯಾಗಿ ಬರೆಸಿಕೊಳ್ಳಬೇಕು ಅನ್ನುವವರು ಮೇಷ್ಟ್ರ ಬಳಿಗೇ ಬರಬೇಕು. ಮೇಷ್ಟ್ರು ವೈದ್ಯನೂ ಆಗಿದ್ದರೆ ಮುಗಿಯಿತು, ರಾತ್ರಿ ನಿದ್ದೆಯೂ ಇಲ್ಲ. ಸಂಜೆ ಊರಿನ ನಾಲ್ಕು ಜನ ಸೇರಿ ಹೈಕುವಿನಂಥ ಚುಟುಕು ಪದ್ಯ ಕಟ್ಟುವ ಕೂಟಗಳೂ ಹಳ್ಳಿಗಾಡಿನಲ್ಲಿ ಬಹಳ ಜೋರಾಗಿದ್ದವು. ಅಲ್ಲೂ ಮೇಷ್ಟ್ರು ಇರಲೇಬೇಕು.

ಹಬ್ಬ ಬಂದರೆ ಇನ್ನೊಂದು ಗಡಿಬಿಡಿ. ಏಳನೇ ತಿಂಗಳ ಏಳನೇ ದಿನ ತನಬಾತಾ. ಆ ದಿನ ಬೆಳಿಗ್ಗೆ ಮಕ್ಕಳು ಕೆಸುವಿನ ಎಲೆಯ ಮೇಲೆ ನಿಂತ ಇಬ್ಬನಿಯನ್ನು ಹುಷಾರಾಗಿ ಬಟ್ಟಲಿಗೆ ಉರುಳಿಸಿಕೊಂಡು ಬರುತ್ತಿದ್ದರು. ಆ ನೀರಿನಲ್ಲಿ ಮಸಿ ತೇಯ್ದು, ಕಾಗದದ ಪಟ್ಟಿಯ ಮೇಲೆ ಪದ್ಯ ಬರೆದು ಬಿದಿರಿಗೆ ಕಟ್ಟಿದರೆ ಕೈಬರಹ ದುಂಡಗಾಗುತ್ತದೆ ಅನ್ನುವುದು ನಂಬಿಕೆ. ಕೆಸುವಿನ ಎಲೆ ಮೇಲೆ ನೀರು ಹೇಗೆ ಮುತ್ತಾಗಿ ಓಡುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ವಿಡಿಯೊದ ಉತ್ಪ್ರೇಕ್ಷೆಗೆ ಬರೋಣ. 'ರೈತರಿಗೆಲ್ಲ' ಓದು ಬರಹ ಬರುತ್ತಿತ್ತು ಅನ್ನುವುದು ತಪ್ಪು. 1868ರ ಹೊತ್ತಿಗೆ ಸುಮಾರು ನೂರಕ್ಕೆ 40 ಗಂಡು ಮಕ್ಕಳು, 10 ಹೆಣ್ಣು ಮಕ್ಕಳು ಯಾವುದೋ ಒಂದು ಶಾಲೆಯ ಮುಖ ನೋಡಿದ್ದರು ಅನ್ನುವುದು ಇತಿಹಾಸಕಾರ ರೊನಾಲ್ಡ್ ಡೋರ್ ಹಾಕಿದ ಅಂದಾಜು. ಶಾಲೆಗೆ ಹೋದದ್ದಕ್ಕೂ ಓದಲು ಬಂದದ್ದಕ್ಕೂ ಎಷ್ಟು ಅಂತರ ಅಂತ ಶಿಕ್ಷಕಿಯಾದ ನಿಮಗೇ ಗೊತ್ತು. ಜೊತೆಗೆ ಸೀಮೆಯಿಂದ ಸೀಮೆಗೆ ಅಜಗಜಾಂತರ. ಬರೀ ತಮ್ಮ ಹೆಸರು ಬರೆಯಬಲ್ಲವರು ಎಷ್ಟು ಅಂತ ಮೇಜಿ ಕಾಲದಲ್ಲಿ ಎಣಿಸಿದರು. 1877ರಲ್ಲಿ ವ್ಯಾಪಾರಕ್ಕೆ ಹೆಸರಾದ ಶಿಗಾ ಪ್ರಾಂತ್ಯದಲ್ಲಿ ಗಂಡಸರಲ್ಲಿ ನೂರಕ್ಕೆ 89, ಹೆಂಗಸರಲ್ಲಿ 39. 1884ರಲ್ಲಿ ದಕ್ಷಿಣದ ತುದಿಯ ಕಗೊಶಿಮಾದಲ್ಲಿ ಗಂಡಸರಲ್ಲಿ 33, ಹೆಂಗಸರಲ್ಲಿ ಬರೀ 4. ಕಗೊಶಿಮಾದ ಹಳ್ಳಿಗಳಲ್ಲಿ ಸಮುರಾಯ್‌ಗಳು ಅಲ್ಲಲ್ಲೇ ನೆಲೆಸಿದ್ದರು, ಕಾಗದಪತ್ರದ ಕೆಲಸ ಅವರ ಕೈಲೇ ಇತ್ತು. ರೈತನಿಗೆ ಅಕ್ಷರದ ಹಂಗು ಬರಲಿಲ್ಲ. ಮೇಲೆ ಹೇಳಿದ ಕಾರಣಕ್ಕೆ ಇದು ತಿರುವುಮುರುವು ಸಾಕ್ಷಿ.

ಇನ್ನೊಂದು ಊರಿನ ಲೆಕ್ಕ ಇನ್ನೂ ಕುತೂಹಲದ್ದು. ನಗಾನೊ ಪ್ರಾಂತ್ಯದ ತೊಕಿವಾ ಅನ್ನುವ ಹಳ್ಳಿಯಲ್ಲಿ 1881ರಲ್ಲಿ 15 ವರ್ಷ ದಾಟಿದ 882 ಗಂಡಸರನ್ನು ಪರೀಕ್ಷಿಸಿದರು. ನೂರಕ್ಕೆ 35 ಮಂದಿಗೆ ತಮ್ಮ ಹೆಸರೂ ಬರೆಯಲು ಬಾರದು. ಸುಮಾರು 41 ಮಂದಿಗೆ ತಮ್ಮ ಹೆಸರು, ಊರ ಹೆಸರು ಅಷ್ಟೇ ಬರುತ್ತಿತ್ತು. ದಿನದ ಜಮಾಖರ್ಚು ಬರೆಯಬಲ್ಲವರು ಅದಕ್ಕಿಂತ ಬಹಳ ಕಡಿಮೆ. ಪತ್ರಿಕೆಯ ಸಂಪಾದಕೀಯ ಓದಿ ಅರ್ಥ ಮಾಡಿಕೊಳ್ಳುವವರು? ಇಡೀ ಊರಿಗೆ 15 ಜನ. ಆ 15 ಜನ ಸಿಗುವುದಕ್ಕೆ ತಲೆಮಾರುಗಟ್ಟಲೆ ಚಳಿಗಾಲಗಳು ಬೇಕಾಗಿದ್ದವು. ಕಡಿಮೆ ಅಂತ ನನಗೆ ಅನ್ನಿಸುವುದಿಲ್ಲ. ಕಾಗದ ಬಂದಾಗ ಓದಲು ಊರಿಗೆ ಅಷ್ಟು ಜನ ಇದ್ದರೆ, ಮುಖ್ಯಸ್ಥನೊಬ್ಬನೇ ಹೇಳಿದ್ದನ್ನು ನಂಬಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಹಳ್ಳಿ ಮೇಷ್ಟ್ರುಗಳನ್ನು ಹೊಗಳಲು ಮನಸ್ಸು ಬರುವುದಿಲ್ಲ. ಪಟ್ಟಣಗಳಲ್ಲಿ ಹುಡುಗಿಯರೂ ಕಲಿಯುತ್ತಿದ್ದರು, ಹೆಣ್ಣು ಮೇಷ್ಟ್ರುಗಳೂ ಇದ್ದರು. ಹಳ್ಳಿಯಲ್ಲಿ ಅದು ಅಪರೂಪ.

1872ರಲ್ಲಿ ಹೊಸ ಸರ್ಕಾರ ದೇಶಕ್ಕೆಲ್ಲ ಒಂದೇ ಶಿಕ್ಷಣದ ಕಾನೂನು ತಂದಿತು. ಯಾವ ಊರಲ್ಲೂ ಓದದ ಮನೆ ಇರಬಾರದು, ಯಾವ ಮನೆಯಲ್ಲೂ ಓದದ ಜನ ಇರಬಾರದು ಅಂತ ಸಾರಿದರು. ಒಳ್ಳೆಯ ಮಾತೇ. ಆದರೆ ಶಾಲೆಯ ಖರ್ಚು ಊರಿನ ಮೇಲೆ, ಶುಲ್ಕ ಮನೆಯ ಮೇಲೆ. ನಾಟಿಯಾಗಲಿ ಸುಗ್ಗಿಯಾಗಲಿ ಮಕ್ಕಳು ಬರಲೇಬೇಕು. ಗುದ್ದಲಿ ಕುಡುಗೋಲಿನ ಪಾಠ ಹೋಗಿ ಪರದೇಶದ ಪುಸ್ತಕಗಳ ಅನುವಾದ ಬಂತು. 1873ರಲ್ಲಿ ಒಕಯಾಮಾದ ಮಿಮಸಾಕಾ, ಶಿಕೊಕು ದ್ವೀಪದ ಕಗಾವಾ ಮುಂತಾದ ಕಡೆ ರೈತರು ದಂಗೆ ಎದ್ದು ಶಾಲೆಗಳಿಗೇ ಬೆಂಕಿ ಹಚ್ಚಿದರು. ಕಡ್ಡಾಯ ಸೈನ್ಯ ಸೇವೆ, ಹೊಸ ಕಟ್ಟಳೆಗಳ ಸಿಟ್ಟೂ ಅದರಲ್ಲಿ ಸೇರಿತ್ತು. ಅಕ್ಷರಕ್ಕಾಗಿ ತಲೆಮಾರುಗಟ್ಟಲೆ ಮೂಲಂಗಿ, ಅಕ್ಕಿ ಹೊತ್ತು ಕೊಟ್ಟವರ ಮೊಮ್ಮಕ್ಕಳು ಶಾಲೆ ಸುಟ್ಟರು! ಅಕ್ಷರದ ಮೇಲೆ ಸಿಟ್ಟಿರಲಿಲ್ಲ. ಊರಿನದಾಗಿದ್ದ ಶಾಲೆ ಸರ್ಕಾರದ್ದಾಗಿ, ಬಿಲ್ಲು ಮಾತ್ರ ಊರಿನ ಹೆಸರಿಗೆ ಬಂದಿತ್ತು.

ತಮಾಷೆ ಏನೆಂದರೆ, ಹೊಸ ಶಾಲೆ ಅಂತ ಹೆಸರಾಯಿತೇ ಹೊರತು ಕಟ್ಟಡ ಎಲ್ಲಿತ್ತು? ಶುರುವಿನ ವರ್ಷಗಳಲ್ಲಿ ಹೆಚ್ಚಿನವು ನಡೆದದ್ದು ಅದೇ ದೇವಾಲಯಗಳಲ್ಲಿ, ಅದೇ ಮನೆಗಳಲ್ಲಿ. ಪಾಠ ಹೇಳಿದವರೂ ಎಷ್ಟೋ ಕಡೆ ಅದೇ ಹಳೆಯ ಶಿಶೋ. ಗೋಡೆಗೆ ಹೊಸದೊಂದು ಬೋರ್ಡು, ಅಷ್ಟೇ.

ಹಳೆಯ ಶಾಲೆಗಳು ಎಷ್ಟಿದ್ದವು ಅಂತ ಶಿಕ್ಷಣ ಇಲಾಖೆ 1883ರಲ್ಲಿ ವಿಚಾರಿಸಲು ಶುರುಮಾಡಿತು. 1890ರ ನಂತರ ಅಚ್ಚಾದ ಪಟ್ಟಿಯಲ್ಲಿ 15,000ಕ್ಕೂ ಹೆಚ್ಚು ಹೆಸರಿವೆ. ಈ ಲೆಕ್ಕ ತುಂಬ ಕಡಿಮೆ ಅಂತ ಈಗ ಎಲ್ಲರಿಗೂ ಗೊತ್ತು. ಅದು ಗೊತ್ತಾದದ್ದು ಕಲ್ಲುಗಳಿಂದ.

ಮೇಷ್ಟ್ರು ತೀರಿಕೊಂಡರೆ, ಕೆಲವು ಸಲ ಅವರು ಬದುಕಿದ್ದಾಗಲೇ, ಶಿಷ್ಯರು ದುಡ್ಡು ಹಾಕಿ ಒಂದು ಕಲ್ಲು ನಿಲ್ಲಿಸುತ್ತಿದ್ದರು. ಅದಕ್ಕೆ ಫುದೆಕೊ ಜುಕಾ ಅಂತ ಹೆಸರು, ಕುಂಚದ ಮಕ್ಕಳ ಕಲ್ಲು. ತೋಕಿಯೊ ಪಕ್ಕದ ಚಿಬಾ ಪ್ರಾಂತ್ಯದಲ್ಲಿ ಒಬ್ಬ ಸಂಶೋಧಕ ಊರೂರು ಸುತ್ತಿ, ಸ್ಮಶಾನ, ದೇವಾಲಯದ ಅಂಗಳ ಹುಡುಕಿ ಎಣಿಸಿದಾಗ 3,000ಕ್ಕೂ ಹೆಚ್ಚು ಸಿಕ್ಕವು. ಇಲಾಖೆಯ ಪಟ್ಟಿಯಲ್ಲಿ ಆ ಪ್ರಾಂತ್ಯಕ್ಕೆ ಇದ್ದ ಶಾಲೆಗಳು ನೂರರ ಆಸುಪಾಸು. ಹೆಚ್ಚಿನ ಕಲ್ಲುಗಳು ಆಳೆತ್ತರವೂ ಇಲ್ಲ, ಪಾಚಿ ಹಿಡಿದಿವೆ. ಮುಂದುಗಡೆ ಮೇಷ್ಟ್ರಿಗೆ ಸತ್ತ ಮೇಲೆ ಕೊಟ್ಟ ಬೌದ್ಧ ಹೆಸರು. ಕೆಲವದರಲ್ಲಿ ಅವರು ಕೊನೆಗಾಲದಲ್ಲಿ ಬರೆದ ಪದ್ಯ. ಕಲ್ಲು ನಿಲ್ಲಿಸಿದವರ ಹೆಸರು ಒಬ್ಬೊಬ್ಬರದಾಗಿ ಎಲ್ಲ ಕಡೆ ಇರುವುದಿಲ್ಲ. ಬುಡದಲ್ಲಿ, ಹುಲ್ಲು ಸರಿಸಿ ನೋಡಬೇಕು, ಮೂರೇ ಚೀನೀ ಅಕ್ಷರ: ಫುದೆಕೊ-ಚೂ. 'ಕುಂಚದ ಮಕ್ಕಳೆಲ್ಲರೂ' ಅಂತ.